ಮುಯ್ಯಾಳಿಗೆ ಕೂಲಿ ಇಲ್ಲ

ನನ್ನ ಬಾಯಿ ಸರಿ ಇಲ್ಲ ಅಂತ ನಮ್ಮವ್ವ ಮೊದಲಿಂದಲೂ ಬಯ್ಯೋಳು. "ಎಲುಬಿಲ್ಲದ ನಾಲ್ಗೆ ಕಣವ್ವ ನಿಂದು, ಒಂದಿನ ಎಲ್ಲಾರ ಸಿಗಾಕ್ಕತೀಯ" ಅನ್ನೋಳು. ಸಿಗಾಕಿಕೊಂಡೆ. ಆದ್ರೆ ನಾಲಿಗೆಯಿಂದ ಅಲ್ಲ, ಪೆನ್ನಿಂದ. ಒಂದು ಫಾರಂನ ಒಂದು ಖಾಲಿ ಜಾಗದಲ್ಲಿ ನಾಲ್ಕು ಸಾಲು ಬರೆದೆ. ಆ ನಾಲ್ಕು ಸಾಲಿಗೆ ಇಪ್ಪತ್ತೆಂಟು ವರ್ಷದ ಗೆಳತಿಯನ್ನ ಕಳ್ಕೊಂಡೆ.

ಅವಳ ಹೆಸರು ನಾಗಶ್ರೀ. ನನಗೆ ನಾಗಿ, ನಾನು ಅವಳಿಗೆ ರಂಜಿ. ಇಬ್ಬರದೂ ಒಂದೇ ಊರು, ಮಳವಳ್ಳಿಯಿಂದ ನಾಲೆ ಏರಿ ಹಿಡಿದು ಆರು ಕಿಲೋಮೀಟರು. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಆಮೇಲೆ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಲ್ಲಿ ಒಂದೇ ರೂಮು. ನಮ್ಮಪ್ಪ ಬೋರಯ್ಯ, ಎಂಟು ಎಕರೆ ಗದ್ದೆ, ಗೌಡ್ರ ಬೀದಿ. ಅವಳಪ್ಪ ಮರಿಯಯ್ಯ, ನಾಲೆ ಕೊನೇಲಿ ಸರ್ಕಾರ ಕೊಟ್ಟ ಒಂದೂವರೆ ಎಕರೆ, ಅರಳೀಕಟ್ಟೆ ದಾಟಿದ ಮೇಲೆ ಬರೋ ಬೀದಿ. ಎರಡು ಬೀದಿ ನಡುವೆ ಇರೋದು ಬರೀ ಅರಳೀಕಟ್ಟೆ ಅಂತ ನಾನು ತಿಳ್ಕೊಂಡಿದ್ದೆ. ನನ್ನ ತಿಳುವಳಿಕೆಗೆ ಬೆಂಕಿ ಹಾಕ!

ನಾಟಿ ಕಾಲ ಬಂದ್ರೆ ಮರಿಯಯ್ಯ, ಅವರ ಹೆಂಡತಿ ಚಿಕ್ಕಮಾದಮ್ಮ ನಮ್ಮ ಗದ್ದೆಗೆ ಬರೋರು. 'ಬರೋರು' ಅಂತ ಈಗ ಅಂತಿದೀನಿ. ಆಗ 'ಮರಿಯಯ್ಯ ಬಂದ' ಅಂತಿದ್ದೆ, ನಮ್ಮಪ್ಪನಿಗಿಂತ ದೊಡ್ಡ ಮನುಷ್ಯನನ್ನ. ಬೇರೆ ಆಳುಗಳಿಗೆ ಸಂಜೆ ಕೂಲಿ ಕೊಡೋರು, ಇವರಿಬ್ಬರಿಗೆ ಕೊಡ್ತಿರಲಿಲ್ಲ. ಕೊಟ್ಟಿಗೆ ಜಗಲಿ ಮೇಲೆ ಮುದ್ದೆ ಊಟ, ಅಷ್ಟೇ. ಯಾಕೆ ಅಂತ ನಾನು ಒಂದ್ಸಲ ನಮ್ಮಜ್ಜಿ ಸಣ್ಣತಾಯಮ್ಮನ್ನ ಕೇಳಿದ್ದೆ.

"ಅವ್ರು ನಮ್ಗೆ ಮುಯ್ಯಾಳು ಕಣವ್ವ" ಅಂದಿದ್ಲು ಅಜ್ಜಿ. "ಇವತ್ತು ಅವ್ರು ನಮ್ ಗದ್ದೆಗೆ ಬಂದ್ರೆ ನಾಳೆ ನಾವು ಅವ್ರ ಗದ್ದೆಗೆ ಓಯ್ತೀವಿ. ಮುಯ್ಯಾಳ್ಗೆ ಯಾರಾರ ಕೂಲಿ ಕೊಟ್ಟಾರಾ? ಕೂಲಿ ಕೊಟ್ಬುಟ್ರೆ ನಂಟು ಮುಗೀತು ಅಂತ ಅರ್ತ."

ಆ ಮಾತು ನನಗೆ ಎಷ್ಟು ಇಷ್ಟ ಆಯ್ತು ಅಂದ್ರೆ ಅದನ್ನ ಹಾಸ್ಟೆಲ್‌ವರೆಗೂ ಹೊತ್ಕೊಂಡು ಹೋದೆ. ನಾಗಿ ನನ್ನ ರೆಕಾರ್ಡಿಗೆ ಚಿತ್ರ ಬರೆದುಕೊಟ್ರೆ, "ಮುಯ್ಯಿ ಕಣೇ, ನಾಳೆ ನಿಂದು ನಾನು ಬರೀತೀನಿ" ಅಂತಿದ್ದೆ. ನನಗೆ ಜ್ವರ ಬಂದಾಗ ಅವಳು ಬಟ್ಟೆ ಒಗೆದ್ರೆ, "ಮುಯ್ಯಿ ಕಣೇ" ಅಂತಿದ್ದೆ. "ನಮ್ಮನೇಗೂ ಇವಳ ಮನೇಗೂ ಮೂರು ತಲೆಮಾರಿಂದ ಮುಯ್ಯಿ" ಅಂತ ರೂಮಿಗೆ ಬಂದವರಿಗೆಲ್ಲ ಹೇಳಿಕೊಂಡು ಮೆರೀತಿದ್ದೆ. ಆಗೆಲ್ಲ ನಾಗಿ ಬಕೆಟ್ ತಗೊಂಡು ನೀರು ಹಿಡಿಯೋಕೆ ಹೋಗ್ತಿದ್ಲು. ಅವಳು ಯಾಕೆ ಎದ್ದು ಹೋಗ್ತಾಳೆ ಅಂತ ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಕೇಳಲಿಲ್ಲ.

ಈಗ ನಾನು ಮದುವೆಯಾಗಿ ಹನಕೆರೆಯಲ್ಲಿದೀನಿ. ಕೆಲಸ ಭಾರತೀನಗರದ ಒಂದು ಸಣ್ಣ ಆವಿಷ್ಕಾರ ಕೇಂದ್ರದಲ್ಲಿ. ಹೊಸದೇನಾದ್ರೂ ಕಂಡುಹಿಡಿಯೋ ರೈತರು, ವರ್ಕ್‌ಶಾಪಿನವರು, ಕಾಲೇಜು ಹುಡುಗರು, ವಿಜ್ಞಾನಿಗಳು, ಇವರನ್ನೆಲ್ಲ ಒಂದು ಕಡೆ ಸೇರಿಸೋದು ನಮ್ಮ ಕೆಲಸ. ಇದಕ್ಕೆ ದೊಡ್ಡವರು ಇಕೋಸಿಸ್ಟಂ ಅಂತಾರೆ. ನಮ್ಮಪ್ಪ, "ಅದೇನವ್ವ, ದನದ್ ಸಂತೆನಾ?" ಅಂತ ಕೇಳಿದ್ದ. ಹೆಚ್ಚುಕಮ್ಮಿ ಹಂಗೇ ಅನ್ನಿ.

ನಾಗಿ ಮಳವಳ್ಳಿ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಶೀಟಿನ ಶೆಡ್ ಹಾಕಿದ್ಲು. ಕಬ್ಬು ಕಡಿದ ಮೇಲೆ ಗದ್ದೆ ತುಂಬ ಬೀಳೋ ಒಣಗರಿ ಇದೆಯಲ್ಲ, ರವದಿ, ಅದಕ್ಕೆ ನಮ್ಮ ಜನ ಬೆಂಕಿ ಇಡ್ತಾರೆ. ಅದನ್ನ ಸಾಲು ನಡುವೆಯೇ ಪುಡಿ ಮಾಡಿ ಮಣ್ಣಿಗೆ ಸೇರಿಸೋ ಮಿಷಿನ್ನು ಮಾಡಿದ್ಲು. ಹೆಂಗಸರು ಒಬ್ಬರೇ ತಳ್ಳಬಹುದು. ಅವಳ ಶೆಡ್ಡಲ್ಲಿ ವೆಲ್ಡಿಂಗ್ ಮಾಡೋರೂ ನಾಲ್ಕು ಜನ ಹೆಂಗಸರೇ. ಮೊದಲ ಮಿಷಿನ್ನು ಮೂರು ಸಲ ಕೆಟ್ಟಿತ್ತು, ಮೂರು ಸಲವೂ ಅವಳಪ್ಪನ ಗದ್ದೆಯಲ್ಲೇ ಪರೀಕ್ಷೆ. ನಮ್ಮ ಕೇಂದ್ರದ ಗೋಡೆ ತುಂಬ ಆ ಮಿಷಿನ್ನಿನ ಫೋಟೋ ಹಾಕಿಕೊಂಡಿದ್ವಿ. ನಾವು ಅವಳಿಗೆ ಒಂದು ಬೋಲ್ಟನ್ನೂ ಕೊಟ್ಟಿರಲಿಲ್ಲ.

ಹೋದ ವರ್ಷ ಥಾಯ್ಲೆಂಡಿನ ಕಬ್ಬಿನ ಸೀಮೆಯಿಂದ, ನಮ್ಮಂಥದ್ದೇ ಆದ್ರೆ ನಮಗಿಂತ ಹತ್ತು ಪಟ್ಟು ದೊಡ್ಡ ಕೇಂದ್ರ ಒಂದು ಪತ್ರ ಬರೀತು. ಅವರ ಕಡೆಯವರೂ ನಮ್ಮ ಕಡೆಯವರೂ ಐದು ವರ್ಷ ಸೇರಿ ಕೆಲಸ ಮಾಡೋಣ, ಅದಕ್ಕೆ ಮಂಡ್ಯ ಸೀಮೆಯಿಂದ ಒಬ್ಬ ಪಾಲುದಾರರನ್ನ ಆರಿಸಿ ಕೊಡಿ ಅಂತ. ಅರ್ಜಿ ಹಾಕಿದವರಲ್ಲಿ ಕೊನೆಗೆ ಮೂರು ಉಳಿದವು. ಬೆಂಗಳೂರಿನದೊಂದು ಕಂಪನಿ, ಮದ್ದೂರಿನ ಬೆಲ್ಲದವರ ಕಂಪನಿ, ನಾಗಿಯ ಶೆಡ್ಡು. ಆ ಶೆಡ್ಡಿಗೆ ಇದು ಸಿಕ್ಕಿದ್ರೆ ಅವಳ ಮಿಷಿನ್ನು ಎರಡು ದೇಶದ ಗದ್ದೆಗೆ ಇಳೀತಿತ್ತು. ಸಿಗದಿದ್ರೆ ಬೇಸಗೆಗೆ ಬೀಗ ಹಾಕಬೇಕು ಅಂತ ಅವಳೇ ಹೇಳಿದ್ಲು.

ಥಾಯ್ಲೆಂಡಿನವರು ಒಂದು ಸಲ ಕೈ ಸುಟ್ಕೊಂಡಿದ್ರಂತೆ. ಇನ್ನೆಲ್ಲೋ ಒಬ್ಬ ಪಾಲುದಾರ ಎಲ್ಲ ತಗೊಂಡು ಏನೂ ಕೊಡದೆ ಕೈ ಎತ್ತಿಬಿಟ್ಟಿದ್ದ. ಅದಕ್ಕೇ ಅವರ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. ಶಿಫಾರಸು ಮಾಡೋರಿಗೂ ಅರ್ಜಿದಾರರಿಗೂ ಹಿಂದಿನಿಂದ ಏನು ಕೊಡು-ಕೊಳ್ಳು ನಡೆದಿದೆ, ಬರೀರಿ. ಕೆಳಗೆ ಎರಡು ಕಾಲಂ. ಅವರು ನಿಮಗೆ ಕೊಟ್ಟದ್ದು. ನೀವು ಅವರಿಗೆ ಕೊಟ್ಟದ್ದು.

"ನಮ್ಮ ಕೇಂದ್ರಕ್ಕೆ ಇನ್ನೂ ಎರಡು ವರ್ಷ, ಏನಂತ ಬರೀತೀಯ?" ಅಂದ್ರು ನಮ್ಮ ಮುಖ್ಯಸ್ಥ ಸಂತೋಷ್ ಸರ್. "ನಿಂಗೆ ಆ ಹುಡುಗಿ ಚಿಕ್ಕಂದಿನಿಂದ ಗೊತ್ತಲ್ಲ, ನಿಮ್ಮಿಬ್ಬರ ಮನೇದೇ ಬರಿ. ಆದ್ರೆ ನೋಡಮ್ಮ, ಜಾಸ್ತಿ ಮಾರ್ಕ್ಸ್ ಇರೋದು ಅಲ್ಲೇ."

ಅಯ್ಯೋ, ಅದೆಷ್ಟು ಹೊತ್ತಿನ ಕೆಲಸ ಅಂತ ಖುಷಿಯಾಗಿ ಕೂತೆ. 'ಮುಯ್ಯಿ' ಅಂತ ಮೇಲೆ ಬರೆದು, ಅಂದ್ರೆ ಏನು ಅಂತ ಇಂಗ್ಲಿಷಲ್ಲಿ ವಿವರಿಸಿದೆ. ಮೊದಲನೇ ಕಾಲಂ ಒಂದೇ ಉಸಿರಿಗೆ ತುಂಬಿತು. ನಾಟಿ, ಕಳೆ, ಕುಯ್ಲು, ಕಬ್ಬಿನ ತುಂಡು ನೆಡೋದು, ಅವರು ಮಾಡಿದ್ದು ಒಂದಾ ಎರಡಾ. ಎರಡನೇ ಕಾಲಂಗೆ ಬಂದೆ. ಪೆನ್ನು ನಿಂತುಬಿಡ್ತು. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ನೀನು ಮರಿಯಯ್ಯನ ಗದ್ದೆಗೆ ಎಷ್ಟು ಸಲ ನಾಟಿಗೆ ಹೋಗಿದ್ದೆ?"

ಅಪ್ಪ ನಕ್ಕ. "ನಾನಾ? ನಾನ್ಯಾಕವ್ವ ಓಗ್ಲಿ?"

"ಮುಯ್ಯಿ ಅಲ್ವಾ?"

"ಅದು ನಿಮ್ಮಜ್ಜಿ ಆಡ್ತಿದ್ದ ಮಾತು. ಉಣ್ಣಕ್ಕೆ ಇಕ್ತಿದ್ವಲ್ಲ, ಅಬ್ಬಕ್ಕೆ ಕಾಯಿ ಬೆಲ್ಲ ಕೊಡ್ತಿದ್ವಲ್ಲ, ಇನ್ನೇನು?" ಆಮೇಲೆ ದನಿ ತಗ್ಗಿಸಿದ. "ಆ ಬೀದಿಯೋರ ಗದ್ದೆಗೆ ನಾವು ಇಳಿಯಾದು ಅಂದ್ರೆ ಎಲ್ಲಾರ ಉಂಟಾ ಕಣವ್ವ?"

ಫೋನ್ ಇಟ್ಟೆ. ನಾಚಿಕೆ ಆಯ್ತು. ಸುಳ್ಳು ಹೇಳಲ್ಲ, ತುಂಬ ನಾಚಿಕೆ ಆಯ್ತು. ಆದ್ರೆ ನಾಚಿಕೆಪಟ್ಟವಳು ಏನು ಮಾಡಬೇಕಿತ್ತು? ಅದನ್ನೇ ಬರೀಬೇಕಿತ್ತು. ಇಲ್ಲ ಖಾಲಿ ಬಿಡಬೇಕಿತ್ತು. ನಾನು ಮಾಡಿದ್ದೇ ಬೇರೆ. ಖಾಲಿ ಬಿಟ್ರೆ ನಾಗಿಗೆ ಮಾರ್ಕ್ಸ್ ಹೋಗುತ್ತೆ, ಅವಳಿಗೋಸ್ಕರ ತಾನೆ, ಅಂತ ನನಗೆ ನಾನೇ ಹೇಳ್ಕೊಂಡೆ. 'ನನ್ನ ತಂದೆ ಬೋರಯ್ಯನವರು ಪ್ರತಿ ವರ್ಷ ನಾಟಿಗೂ ಕುಯ್ಲಿಗೂ ಅವರ ಗದ್ದೆಗೆ ಹೋಗಿ ದುಡಿಯುತ್ತಿದ್ದರು' ಅಂತ ಶುರು ಮಾಡಿ ನಾಲ್ಕು ಸಾಲು ಬರೆದೆ.

"ಏನೇ ಬರೆದೆ ನನ್ನ ಬಗ್ಗೆ?" ಅಂತ ನಾಗಿ ಫೋನಲ್ಲಿ ಕೇಳಿದ್ಲು.

"ಮುಚ್ಕೊಂಡಿರೇ, ಗೆದ್ದ ಮೇಲೆ ಓದುವಂತೆ" ಅಂದೆ. ನಕ್ಕಳು. ಆ ನಗು ಇನ್ನೂ ಕಿವಿಯಲ್ಲಿದೆ.

ಜುಲೈನಲ್ಲಿ ಅವರು ಬಂದ್ರು. ಒಬ್ಬ ಹಿರಿಯಮ್ಮ, ಇಬ್ಬರು ಎಂಜಿನಿಯರ್ ಹುಡುಗರು. ಆ ಹಿರಿಯಮ್ಮನೇ ಅಲ್ಲಿನ ಮುಖ್ಯಸ್ಥೆ, ಕಬ್ಬು ಬೆಳೆಯೋರ ಮಗಳು. ಕೈ ನೋಡಿದ್ರೇ ಗೊತ್ತಾಗ್ತಿತ್ತು, ಕಬ್ಬು ಕಡಿದ ಕೈ. ಬೆಂಗಳೂರು, ಮದ್ದೂರು ಮುಗಿಸಿಕೊಂಡು ಮೂರನೇ ದಿನ ನಮ್ಮೂರಿಗೆ ಬಂದ್ರು. ಅವರ ಇಂಗ್ಲಿಷನ್ನ ಕನ್ನಡಕ್ಕೆ, ನಮ್ಮವರ ಕನ್ನಡವನ್ನ ಇಂಗ್ಲಿಷಿಗೆ ಮಾಡೋ ಕೆಲಸ ನನ್ನದು.

ಮರಿಯಯ್ಯ ಕಬ್ಬು ಕಡಿದಿದ್ದ ಮಡಿಯಲ್ಲಿ ಮಿಷಿನ್ನು ಚೆಂದ ಓಡಿತು. ಶೆಡ್ಡಿನ ಬೆಳ್ಳಮ್ಮ ಸೀರೆ ಎತ್ತಿ ಕಟ್ಟಿಕೊಂಡು ನಾಲ್ಕು ಸಾಲು ತಳ್ಳಿದ್ಲು. ಹಿರಿಯಮ್ಮ ತಾನೂ ತಳ್ಳಿ ನೋಡಿದ್ರು. ಕೆಳಗೆ ಬಿದ್ದ ಪುಡಿಯನ್ನ ಮುಷ್ಟಿಯಲ್ಲಿ ಹಿಡಿದು ಮೂಸಿದ್ರು. ಸಂತೋಷ್ ಸರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ರು, ಆಯ್ತು ಅನ್ನೋ ಹಾಗೆ. ಎಲ್ಲರೂ ಮರಿಯಯ್ಯನ ಮನೆ ಜಗಲಿಗೆ ಬಂದು ಕೂತ್ವಿ. ಒಳಗೆ ಗೋಡೆ ಮೇಲೆ ಬುದ್ಧನ ಪಟ ಇತ್ತು. ಅದನ್ನ ನೋಡಿ ಹಿರಿಯಮ್ಮ ಎದ್ದು ಕೈ ಮುಗಿದ್ರು. ಚಿಕ್ಕಮಾದಮ್ಮ ಎಳನೀರು ಕೊಟ್ರು. ಅಷ್ಟರಲ್ಲಿ ಹಿರಿಯಮ್ಮ ಚೀಲದಿಂದ ಒಂದು ಹಾಳೆ ತೆಗೆದ್ರು. ನನ್ನ ಕೈ ಬರಹ.

"ನಮ್ಮ ಹಳ್ಳಿ ಕಡೆಯೂ ಇಂಥದ್ದೇ ಪದ್ಧತಿ ಇದೆ" ಅಂದ್ರು ಅವರು ಇಂಗ್ಲಿಷಲ್ಲಿ. "ನಮ್ಮಪ್ಪ ಪಕ್ಕದವರ ಗದ್ದೆಗೆ, ಪಕ್ಕದವರು ನಮ್ಮ ಗದ್ದೆಗೆ. ಮೂರು ಅರ್ಜಿಯಲ್ಲಿ ಇದನ್ನ ಓದಿದ ದಿನವೇ ನನ್ನ ಮನಸ್ಸು ಇಲ್ಲಿಗೆ ಬಂತು." ಆಮೇಲೆ ಮರಿಯಯ್ಯನ ಕಡೆ ತಿರುಗಿ, ಇವಳ ತಂದೆ ನಿಮ್ಮ ಗದ್ದೆಗೆ ಬಂದು ದುಡೀತಿದ್ದ ದಿನಗಳ ಬಗ್ಗೆ ನಿಮ್ಮ ಬಾಯಿಂದಲೇ ಕೇಳಬೇಕು ಅಂದ್ರು.

ನಾಗಿಗೆ ಇಂಗ್ಲಿಷ್ ಬರುತ್ತೆ. ಎಲ್ಲವನ್ನೂ ಕೇಳಿಸಿಕೊಂಡಿದ್ಲು. ಬೇರೇನಾದ್ರೂ ಕೇಳಿ ಜಾರಿಕೊಳ್ಳೋಣ ಅಂದ್ರೆ ಅವಳ ಕಣ್ಣು ನನ್ನ ಮೇಲೇ ಇತ್ತು.

"ಹೇಳೇ ರಂಜಿ" ಅಂದ್ಲು. "ಅಪ್ಪಂಗೆ ಕನ್ನಡದಲ್ಲಿ ಹೇಳು."

ಹೇಳಿದೆ. ನೆಲ ನೋಡಿಕೊಂಡು ಹೇಳಿದೆ. "ನಮ್ಮಪ್ಪ ನಿಮ್ಮ ಗದ್ದೆಗೆ ಮುಯ್ಯಿಗೆ ಬರ್ತಿದ್ರಲ್ಲ, ಅದರ ಬಗ್ಗೆ ಕೇಳ್ತಿದಾರೆ."

ಮರಿಯಯ್ಯ ನನ್ನ ಮುಖ ನೋಡಿದ್ರು. ಹಾಳೆ ನೋಡಿದ್ರು. ಮತ್ತೆ ನನ್ನ ಮುಖ ನೋಡಿದ್ರು. ಎಪ್ಪತ್ತೆರಡು ವರ್ಷದ ಮನುಷ್ಯ, ಒಂದು ಗಳಿಗೆಯಲ್ಲಿ ಎಲ್ಲ ಅರ್ಥ ಮಾಡಿಕೊಂಡ್ರು. ಆಮೇಲೆ ಹಿರಿಯಮ್ಮನ ಕಡೆ ತಿರುಗಿ ತಲೆ ಆಡಿಸಿದ್ರು.

"ಊಂ ಕಣವ್ವ, ಬತ್ತಿದ್ರು. ಗೌಡ್ರು ಬತ್ತಿದ್ರು. ನಾಟಿಗೂ ಬತ್ತಿದ್ರು, ಕುಯ್ಲಿಗೂ ಬತ್ತಿದ್ರು. ಮದ್ಯಾನಕ್ಕೆ ನಮ್ಮಟ್ಟಿ ಒಳಗೇ ಬಂದು ನಮ್ ಜೊತೆ ಕುಂತು ಉಣ್ತಿದ್ರು."

ಊಟದ ಮಾತು ನಾನು ಬರೆದಿರಲಿಲ್ಲ. ಅದನ್ನ ಅವರೇ ಸೇರಿಸಿದ್ರು. ಒಳಗೆ ಚಿಕ್ಕಮಾದಮ್ಮನ ಕೈಯಿಂದ ಲೋಟ ಬಿತ್ತು.

ನಾಗಿ ಎದ್ದು ನಿಂತಳು. ಹಿರಿಯಮ್ಮನಿಗೆ ಇಂಗ್ಲಿಷಲ್ಲಿ, ಒಂದು ಮಾತೂ ತಡವರಿಸದೆ ಹೇಳಿದ್ಲು. "ಇದು ನಿಜ ಅಲ್ಲ. ಇವರ ಮನೆಯವರು ಯಾರೂ ಯಾವತ್ತೂ ನಮ್ಮ ಗದ್ದೆಗೆ ಇಳಿದಿಲ್ಲ, ನಮ್ಮ ಮನೆಯಲ್ಲಿ ಉಂಡಿಲ್ಲ. ಇವಳ ಮಾನ ಉಳಿಸೋಕೆ ನಮ್ಮಪ್ಪ ಸುಳ್ಳು ಹೇಳ್ತಿದಾರೆ. ಕ್ಷಮಿಸಿ, ಸುಳ್ಳಿನ ಮೇಲೆ ಬಂದ ಕೆಲಸ ನನಗೆ ಬೇಡ, ನನ್ನ ಅರ್ಜಿ ವಾಪಸ್ ತಗೋತೀನಿ."

ಹಿರಿಯಮ್ಮ ಹಾಳೆಯನ್ನ ಮಡಿಸಿ ಚೀಲಕ್ಕೆ ಹಾಕಿಕೊಂಡ್ರು. ಮರಿಯಯ್ಯನ ಮುಂದೆ ಹೋಗಿ ಬಗ್ಗಿ ಕೈ ಮುಗಿದು, ಕಾರಿನ ಕಡೆ ನಡೆದ್ರು. ಸಂತೋಷ್ ಸರ್ ಅವರ ಹಿಂದೆ ಓಡಿದ್ರು.

ನಾನಾದ್ರೂ ಸುಮ್ಮನಿರಬೇಕಿತ್ತಲ್ಲ! ಎಲುಬಿಲ್ಲದ ನಾಲಿಗೆ. "ನಿನಗೋಸ್ಕರ ಬರೆದೆ ಕಣೇ!" ಅಂತ ಕಿರುಚಿದೆ. "ನಿನ್ನ ಶೆಡ್ಡು ಉಳೀಲಿ ಅಂತ ಬರೆದೆ! ಖಾಲಿ ಬಿಟ್ಟಿದ್ರೆ ಮಾರ್ಕ್ಸ್ ಹೋಗ್ತಿತ್ತು!"

"ಹೋಗ್ಲಿ ಬಿಡಬೇಕಿತ್ತು" ಅಂದ್ಲು ನಾಗಿ. ಅವಳ ದನಿ ಏರಲಿಲ್ಲ. "ಆ ಖಾಲಿ ಜಾಗ ನಮ್ಮದು ಕಣೇ ರಂಜಿ. ನಮ್ಮಪ್ಪ ನಮ್ಮವ್ವ ಬೆನ್ನು ಬಗ್ಗಿಸಿದ ಲೆಕ್ಕ ಇದ್ದದ್ದು ಅದರಲ್ಲೇ. ಅದನ್ನೂ ನಿಮ್ಮಪ್ಪನ ಹೆಸರಿಗೇ ಬರ್ಕೊಂಡ್ಯಲ್ಲ."

"ನಾಗಿ..."

"ಇವತ್ತೂ ನಮ್ಮಪ್ಪನ ಕೈಲಿ ಬಿಟ್ಟಿ ಚಾಕರಿ ಮಾಡಿಸ್ಬಿಟ್ಟೆ."

ನಾನು ಮರಿಯಯ್ಯನ ಕಡೆ ನೋಡಿದೆ. ಅವರು ಜಗಲಿ ಕಂಬಕ್ಕೆ ಒರಗಿ ಟವೆಲಿನಿಂದ ಮುಖ ಒರೆಸಿಕೊಳ್ತಿದ್ರು. "ಬುಡವ್ವ, ಮಗ ಏನೋ ತಿಳೀದೆ ಬರದೈತೆ" ಅಂದ್ರು ಮಗಳಿಗೆ. ಆಗಲೂ ನನ್ನ ಪರವಾಗೇ ಮಾತಾಡಿದ್ರು. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ.

ಪಾಲುದಾರಿಕೆ ಮದ್ದೂರಿನ ಬೆಲ್ಲದವರಿಗೆ ಆಯ್ತು. ಅವರೂ ಕೆಟ್ಟವರಲ್ಲ, ಅವರ ಫಾರಂನಲ್ಲಿ ಸುಳ್ಳಿರಲಿಲ್ಲ ಅಷ್ಟೇ. ಸಂತೋಷ್ ಸರ್ ಬಾಯಿಗೆ ಬಂದಂಗೆ ಬೈದ್ರು, ಬೈಸಿಕೊಂಡೆ. ನಾಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಶೆಡ್ಡಿನ ಹತ್ರ ಹೋದೆ, ಬೆಳ್ಳಮ್ಮ ಬಾಗಿಲಲ್ಲೇ ನಿಂತು, "ಕೆಲ್ಸದಾಗವ್ರೆ ಕಣಮ್ಮ" ಅಂದ್ಲು. ಒಳಗೆ ವೆಲ್ಡಿಂಗ್ ಶಬ್ದವೇ ಇರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನಾವು ಎಷ್ಟು ಸಲ ಜಗಳ ಆಡಿದೀವೋ ಲೆಕ್ಕ ಇಲ್ಲ, ಪ್ರತಿಸಲ ಅವಳೇ ಮೊದಲು ಬಂದು ಮಾತಾಡಿಸ್ತಿದ್ಲು. ಅದೂ ಒಂದು ಕಡೆಯದೇ ಮುಯ್ಯಿ ಅಂತ ಆಗ ಹೊಳೀತು. ಬಸ್‌ಸ್ಟ್ಯಾಂಡಲ್ಲಿ ಕೂತು ಜನ ನೋಡ್ತಿದ್ರೂ ಅತ್ತೆ.

ಆಗಸ್ಟಿನಲ್ಲಿ ನಾಲೆಗೆ ನೀರು ಬಿಟ್ರು. ಮರಿಯಯ್ಯನ ಗದ್ದೆಯಲ್ಲಿ ನಾಟಿ ಅಂತ ಗೊತ್ತಾಯ್ತು. ಯಾರಿಗೂ ಹೇಳದೆ ಹನಕೆರೆಯಿಂದ ಬೆಳಗ್ಗೆ ಮೊದಲನೇ ಬಸ್ಸಿಗೆ ಹೊರಟು, ಹಳೇ ಸೀರೆ ಉಟ್ಕೊಂಡು ಅವರ ಗದ್ದೆ ಬದುವಿನ ಮೇಲೆ ನಿಂತೆ. ನಾಗಿ ಪೈರಿನ ಕಟ್ಟು ಎಸೀತಿದ್ಲು. ನನ್ನ ನೋಡಿ ನಿಂತಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

"ಬಾರವ್ವ, ಕೆಸ್ರು, ಜಾರ್ತದೆ" ಅಂದ್ರು ಮರಿಯಯ್ಯ.

ಇಳಿದೆ. ಕೃಷಿ ಓದಿದವಳು ನಾನು, ಭತ್ತದ ಮೇಲೆ ಪರೀಕ್ಷೆ ಬರೆದು ಪಾಸಾದವಳು. ನಾಟಿ ಹಾಕೋಕೆ ಬರಲಿಲ್ಲ. ನಾನು ನೆಟ್ಟ ಪೈರು ತೇಲಿಕೊಂಡು ಹೋಗ್ತಿತ್ತು. ಪಕ್ಕದ ಸಾಲಲ್ಲಿದ್ದ ಅಂಕಮ್ಮ, "ಅಯ್ಯೋ ನಿನ್ನ, ಮೇಡಮ್ಮ ಪೈರು ನೆಡ್ತಾವ್ಳೋ ದೋಣಿ ಬುಡ್ತಾವ್ಳೋ!" ಅಂದ್ಲು. ಎಲ್ಲರೂ ನಕ್ರು. ನಾಗಿ ತುಟಿ ಕೂಡ ಅಲುಗಿದಂತೆ ಕಂಡಿತು. ಆ ಒಂದು ಅಲುಗಾಟಕ್ಕೆ ನಾನು ಸಂಜೆವರೆಗೂ ಬಗ್ಗಿದ್ದೆ.

ಮಧ್ಯಾಹ್ನ ಚಿಕ್ಕಮಾದಮ್ಮ ಬದುವಿನ ಮೇಲೆ ಎಲ್ಲರಿಗೂ ಮುದ್ದೆ, ಉಪ್ಸಾರು ಬಡಿಸಿದ್ರು. ನನಗೂ ಬಡಿಸಿದ್ರು. ಇಷ್ಟು ವರ್ಷದಲ್ಲಿ ಅವರ ಕೈ ಊಟ ನಾನು ಉಂಡದ್ದು ಅದೇ ಮೊದಲು. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ. "ನಿದಾನಕ್ಕೆ ಉಣ್ಣವ್ವ" ಅಂದ್ರು. ಎಲ್ಲ ಸರಿ ಹೋಗುತ್ತೆ ಅಂತ ಅನ್ನಿಸಿಬಿಡ್ತು. ಬೆನ್ನು ಸೀಳಿಹೋಗೋ ನೋವು, ಆದ್ರೂ ಒಳಗೆಲ್ಲ ಹಗುರ.

ಸಂಜೆ ಕೈಕಾಲು ತೊಳ್ಕೊಂಡು ಆಳುಗಳೆಲ್ಲ ಬದುವಿನ ಹತ್ರ ಸಾಲಾಗಿ ನಿಂತ್ರು. ನಾಗಿ ಒಬ್ಬೊಬ್ಬರ ಹೆಸರು ಕರೆದು ಕೂಲಿ ಕೊಡ್ತಿದ್ಲು. ನಾನು ಸಾಲಿಗೆ ನಿಲ್ಲಲಿಲ್ಲ. ಬೇವಿನ ಮರದ ಕೆಳಗೆ ಬೇರೆಯಾಗಿ ನಿಂತೆ. ಮುಯ್ಯಾಳು ಸಾಲಿಗೆ ನಿಲ್ಲಲ್ಲ.

"ರಂಜಿತಾ ಅವ್ರೆ" ಅಂತ ಕರೆದ್ಲು.

ಮೊದಲು ಯಾರನ್ನ ಕರೀತಿದಾಳೆ ಅಂತಲೇ ತಿಳೀಲಿಲ್ಲ. ಅವಳ ಬಾಯಲ್ಲಿ ನನ್ನ ಪೂರ್ತಿ ಹೆಸರು ನಾನು ಕೇಳಿರಲೇ ಇಲ್ಲ.

"ಬನ್ನಿ. ತಗೊಳ್ಳಿ."

"ನಾಗಿ, ನಾನು ಮುಯ್ಯಿಗೆ ಬಂದದ್ದು ಕಣೇ" ಅಂದೆ. ಹೇಳುವಾಗಲೇ ಅಳು ಬಂತು.

"ಬುಡು ಮಗ, ಆಯಮ್ಮಂಗೆ ಕೂಲಿ ಕೊಟ್ಟಾರಾ?" ಅಂದ್ರು ಮರಿಯಯ್ಯ.

"ಕೊಡ್ತೀವಪ್ಪ" ಅಂದ್ಲು ನಾಗಿ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಅಲ್ಲಾಡಲಿಲ್ಲ. "ನಮ್ಮ ಗದ್ದೇಲಿ ದುಡಿದೋರ್ನ ಬರಿಗೈಲಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ."

ಬೇಡ ಅನ್ನೋಕೆ ನನಗೆ ಯಾವ ಹಕ್ಕಿತ್ತು? ಕೈ ಚಾಚಿದೆ. ನಮ್ಮಜ್ಜಿ ಆ ಬೀದಿಯವರಿಗೆ ಏನೇ ಕೊಟ್ರೂ ಮೇಲಿಂದ ಬಿಡೋಳು, ಕೈ ತಾಕದ ಹಾಗೆ. ನಾಗಿ ಹಾಗೆ ಮಾಡಲಿಲ್ಲ. ಕೆಸರು ಕಟ್ಟಿದ್ದ ನನ್ನ ಅಂಗೈಯನ್ನ ತನ್ನ ಎಡಗೈಯಲ್ಲಿ ಹಿಡಿದು, ನೋಟು ಇಟ್ಟು, ನನ್ನ ಬೆರಳು ಮಡಿಸಿ, ಬಿಟ್ಟಳು.

"ಬತ್ತೀನಿ" ಅಂದೆ.

"ಓಗ್ಬುಟ್ಟು ಬಾರವ್ವ" ಅಂದ್ರು ಮರಿಯಯ್ಯ.

ನಾಗಿ, "ಹೋಗಿ" ಅಂದ್ಲು.